ಮಾವನ ಮೊಣಕಾಲು ಮತ್ತು ಮಿಲಿಟರಿ ತೊಟ್ಟಿ

ಚೂರಿ ಹಿಡಿದು ಆ ಕ್ಯಾನ್ವಾಸ್ ತೊಟ್ಟಿಯ ಮುಂದೆ ನಿಂತಾಗ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುಗಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ, ನನ್ನ ಹೆಂಡತಿಯ ನಾನ್ನೂರು ಹಪ್ಪಳವೂ ಉಳಿಯುತ್ತಿತ್ತು.

ನಾನು ಆಗ ಪುತ್ತೂರಿನ ಹತ್ತಿರ ಒಂದು ಶಾಲೆಯಲ್ಲಿ ಕೈಕೆಲಸ ಕಲಿಸುವ ಉಪಾಧ್ಯಾಯನಾಗಿದ್ದೆ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಕೈಕೆಲಸವೆಂದರೆ ತಕಲಿಯಲ್ಲಿ ನೂಲು ತೆಗೆಯುವುದು, ರಟ್ಟು ಕತ್ತರಿಸಿ ಪೆಟ್ಟಿಗೆ ಮಾಡುವುದು. ಹದಿನಾಲ್ಕು ವರ್ಷ ರಟ್ಟು ಕತ್ತರಿಸಲು ಕಲಿಸಿದವನಿಗೆ ಈ ಪ್ರಪಂಚದಲ್ಲಿ ತಾನು ಕತ್ತರಿಸಲಾಗದ ವಸ್ತುವೇ ಇಲ್ಲವೆಂಬ ಭಾವನೆ ಬರುತ್ತದೆ. ನನಗೆ ಬಂದಿತ್ತು.

ತೊಟ್ಟಿಯ ವಿಷಯಕ್ಕೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಬಿಟ್ಟ ಸಾಮಾನು ಮಂಗಳೂರಿನ ಒಂದು ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಅದರಲ್ಲಿ ಮಡಚಿಟ್ಟ ಒಂದು ಕ್ಯಾನ್ವಾಸ್ ತೊಟ್ಟಿ ನನ್ನ ಕಣ್ಣಿಗೆ ಬಿತ್ತು. ನಾಲ್ಕು ಅಡಿ ಎತ್ತರ, ಏಳು ಅಡಿ ಅಗಲ, ದುಂಡಗೆ. ನೆಲದ ಮೇಲೆ ಹರಡಿ, ಸುತ್ತ ಎಂಟು ಗೂಟ ನೆಟ್ಟು ಹಗ್ಗ ಬಿಗಿದು ನೀರು ತುಂಬಿದರೆ ತಾನೇ ಎದ್ದು ನಿಲ್ಲುತ್ತದೆ. ಮರುಭೂಮಿಯಲ್ಲಿ ಸಿಪಾಯಿಗಳ ನೀರು ಕೂಡಿಡಲು ಮಾಡಿದ್ದಂತೆ. ವರ್ಷದಲ್ಲಿ ಐದು ತಿಂಗಳು ಮಳೆ ಸುರಿಯುವ ಊರಿಗೆ ನಾನು ಅದನ್ನು ಹೊತ್ತು ತಂದೆ.

"ಇದು ಎಂತಕ್ಕೆ?" ಎಂದು ಹೆಂಡತಿ ರುಕ್ಮಿಣಿ ಕೇಳಿದ್ದಳು.

"ಎಂತಕ್ಕಾದರೂ ಬರ್ತದೆ," ಎಂದಿದ್ದೆ.

ಅದು ಮೂರು ವರ್ಷ ಅಟ್ಟದಲ್ಲಿ ಕುಳಿತಿತ್ತು. ಬೆಕ್ಕು ಎರಡು ಸಲ ಅದರಲ್ಲಿ ಮರಿ ಹಾಕಿತು. ಬೇರೆ ಉಪಯೋಗವಾಗಲಿಲ್ಲ.

ಆ ವರ್ಷ ಈಶ್ವರಮಂಗಲದಲ್ಲಿ ನನ್ನ ಮಾವ, ಅಂದರೆ ರುಕ್ಮಿಣಿಯ ಅಪ್ಪ, ಬೇಲಿಯ ತಡಮೆ ದಾಟುವಾಗ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಆದರೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಮಾವನಿಗೆ ನೋವಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಊಟದ್ದು. ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಣ್ಣಲಾಗದೆ, ಕುರ್ಚಿಯಲ್ಲಿ ಕುಳಿತು ಎದುರಿನ ಸ್ಟೂಲಿನ ಮೇಲೆ ಬಾಳೆಲೆ ಹಾಕಿಸಿಕೊಂಡು ಒಬ್ಬರೇ ಉಣ್ಣಬೇಕಾಗಿತ್ತು. ಎರಡು ಮದುವೆಗೆ ಹೋಗಿ ಹಾಗೆ ಉಂಡು ಬಂದವರು ಮೂರನೆಯದಕ್ಕೆ ಹೋಗಲೇ ಇಲ್ಲ. "ಮೇ ತಿಂಗಳ ಕೊನೆಗೆ ಕಡಬದಲ್ಲಿ ತಂಗಿಯ ಮಗಳ ಮದುವೆ ಉಂಟು. ಪಂಕ್ತಿಯಲ್ಲಿ ಕೂತು ಉಣ್ಲಿಕ್ಕಾದರೆ ಹೋಗುದು. ಇಲ್ಲದಿದ್ದರೆ ಇಲ್ಲ," ಎಂದರು. ಒಬ್ಬಳೇ ತಂಗಿಯ ಒಬ್ಬಳೇ ಮಗಳು. ರುಕ್ಮಿಣಿ ಆ ರಾತ್ರಿ ಊಟ ಮಾಡಲಿಲ್ಲ.

ಅಪ್ಪನನ್ನು ನಮ್ಮ ಮನೆಗೇ ಕರೆಸಿಕೊಂಡಳು. ಪುತ್ತೂರಿನ ಡಾಕ್ಟರು ಪರೀಕ್ಷಿಸಿ, ದಿನಾ ಸೊಂಟಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಡೆದರೆ ಕಾಲು ಸಡಿಲಾಗುತ್ತದೆ ಎಂದರು. ಕಬಕದ ಪಂಡಿತರು, ಅದೆಲ್ಲ ಸುಮ್ಮನೆ, ಮೊಣಕಾಲಿಗೆ ತೈಲ ಹಚ್ಚಿದರೆ ಸಾಕು ಎಂದು ಎರಡು ದೊಡ್ಡ ಬಾಟ್ಲಿ ಕೊಟ್ಟರು. ಮಾವ ಯಾರ ಮನಸ್ಸನ್ನೂ ನೋಯಿಸುವವರಲ್ಲ. ತೈಲವನ್ನೂ ಹಚ್ಚುತ್ತೇನೆ, ನೀರಿಗೂ ಇಳಿಯುತ್ತೇನೆ ಎಂದರು.

"ಉಪ್ಪಿನಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಹೊಳೆಯಲ್ಲಿ ನಡೆದರೆ ಹೇಗೆ?" ಎಂದು ಕೇಳಿದೆ.

"ಪಿಂಡ ಬಿಡುವ ಸಂಗಮ ಅದು. ಅಲ್ಲಿ ದಿನಾ ನೀರಿಗಿಳಿದರೆ, ಸತ್ತದ್ದು ಯಾರು ಅಂತ ಜನ ಕೇಳ್ತಾರೆ ಮಾಷ್ಟ್ರೆ," ಎಂದರು ಮಾವ. ಅವರು ನನ್ನನ್ನು ಹನ್ನೊಂದು ವರ್ಷಗಳಿಂದಲೂ ಮಾಷ್ಟ್ರೆ ಎಂದೇ ಕರೆಯುವುದು. ಅಳಿಯ ಎನ್ನುವಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ.

ನಾನು ಅಟ್ಟದ ಕಡೆ ನೋಡಿದೆ. ರುಕ್ಮಿಣಿ ನನ್ನ ಕಡೆ ನೋಡಿದಳು. ಮೂರು ವರ್ಷದ ನಂತರ ನನಗೆ ನ್ಯಾಯ ಸಿಕ್ಕಿತು!

ಬೇಸಿಗೆ ರಜೆ. ನಮ್ಮ ಮನೆಯ ಹಿಂದೆ ಗುಡ್ಡ, ಗುಡ್ಡದಲ್ಲಿ ನೀರಿಗೆಂದು ಕೊರೆದ ಒಂದು ಸುರಂಗ. ಅದರೊಳಗಿನಿಂದ ಮೇ ತಿಂಗಳಲ್ಲೂ ಬೆರಳು ಗಾತ್ರದ ನೀರು ಹಗಲು ರಾತ್ರಿ ಹರಿದು ಬರುತ್ತದೆ. ಸುರಂಗದ ಬಾಯಿಯ ಹತ್ತಿರ, ಅಂಗಳಕ್ಕಿಂತ ಆಳೆತ್ತರ ಮೇಲಿನ ತಟ್ಟಿನಲ್ಲಿ ತೊಟ್ಟಿ ನಿಲ್ಲಿಸಿದೆ. ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹಾಯಿಸಿ ಎರಡು ದಿನದಲ್ಲಿ ತುಂಬಿಸಿದೆ. ತೊಟ್ಟಿ ಗುಡ್ಡ ಕಡಿದ ದರೆಗೆ ತಾಗಿಕೊಂಡೇ ಇದ್ದದ್ದರಿಂದ ಮಾವ ದರೆಯ ಮೇಲಿನಿಂದ ಹಲಗೆ ದಾಟಿ, ಒಳಗಿಟ್ಟ ಸ್ಟೂಲಿನ ಮೇಲೆ ಕಾಲಿಟ್ಟು ನೀರಿಗಿಳಿದರು. ಒಳಗೆ ಸುತ್ತು ಹೊಡೆಯತೊಡಗಿದರು.

"ಗಾಣದ ಎತ್ತಿಗೆ ಕಣ್ಣಿಗಾದರೂ ಬಟ್ಟೆ ಕಟ್ತಾರೆ," ಎಂದು ಹನ್ನೆರಡನೆಯ ಸುತ್ತಿನಲ್ಲಿ ಹೇಳಿದರು. ಆದರೂ ನಡೆದರು.

ಮೂರನೆಯ ದಿನ ತಕರಾರು ಬಂತು. ಪಕ್ಕದ ಗೇರುಮರದ ಎಲೆ, ಇರುವೆ, ಹೂವಿನ ಧೂಳು ಎಲ್ಲ ನೀರಿನ ಮೇಲೆ ತೇಲುತ್ತಿದ್ದವು. ಅವುಗಳ ನಡುವೆ ಮಾವನದೇ ತೈಲ ಬಣ್ಣಬಣ್ಣವಾಗಿ ಹರಡಿಕೊಂಡಿತ್ತು. ಮಾವ ಹಲಗೆಯ ಮೇಲೆ ನಿಂತು ನೋಡಿದರು.

"ಇದು ನೀರಾ ಸಾರಾ? ಇದನ್ನು ಸರಿ ಮಾಡದೆ ನಾನು ಇಳಿಯುದಿಲ್ಲ."

ಮದುವೆಗೆ ಇಪ್ಪತ್ತು ದಿನ ಇತ್ತು.

"ಒಂದು ತೆಂಗಿನ ಗೆರಟೆಯಲ್ಲಿ ಮೇಲಿನದ್ದು ತೆಗೆದು ಚೆಲ್ಲಿದರೆ ಆಗುದಿಲ್ವಾ?" ಎಂದಳು ರುಕ್ಮಿಣಿ.

ಆಗುತ್ತಿತ್ತು. ಎರಡು ನಿಮಿಷದ ಕೆಲಸ. ಆದರೆ ನಾನು ಶಾಲೆಗೆ ಬರುತ್ತಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಮೆರಿಕದವರ ಈಜುಕೊಳದ ಚಿತ್ರ ನೋಡಿದ್ದೆ. ಅದರ ಬದಿಯಲ್ಲಿ ಸ್ಕಿಮ್ಮರ್ ಎಂಬ ಒಂದು ಸಾಧನ. ಕೊಳದ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಬಾಯಿ, ಬಾಯಿಯ ಹಿಂದೆ ಒಂದು ಪೆಟ್ಟಿಗೆ. ಮೇಲೆ ತೇಲುವ ಕಸ ತಾನಾಗಿಯೇ ಬಾಯಿಯೊಳಗೆ ಹೋಗಿ ಪೆಟ್ಟಿಗೆಗೆ ಬೀಳುತ್ತದೆ.

"ಹಾಲಿನ ಕೆನೆ ತೆಗೆಯುದಿಲ್ವಾ, ಹಾಗೆ ನೀರಿಗೆ," ಎಂದು ವಿವರಿಸಿದೆ.

"ನೀರಿಗೆ ಕೆನೆ ಎಲ್ಲಿ ಉಂಟು?"

"ನಿನ್ನ ಅಪ್ಪನ ತೈಲವೇ ಕೆನೆ."

ಅವಳು ಗೆರಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಚಿಮಿಣಿ ಎಣ್ಣೆಯ ಹಳೆಯ ಡಬ್ಬವೊಂದನ್ನು ಕತ್ತರಿಸಿ ಪೆಟ್ಟಿಗೆ ಮಾಡಿದೆ. ಬಾಯಿಯ ಸುತ್ತ ತಗಡನ್ನು ಎರಡಂಗುಲ ಹೊರಕ್ಕೆ ಮಡಚಿ ಅಂಚು ಕಟ್ಟಿದೆ. ಒಳಗೆ ಕಸ ನಿಲ್ಲಲು ಬಿದಿರಿನ ಸಣ್ಣ ಬುಟ್ಟಿ. ಅಡಿಯಲ್ಲಿ ಒಂದು ಕೊಳವೆ, ಅದರ ನೀರು ಬಸಳೆ ಚಪ್ಪರಕ್ಕೆ. ಇಷ್ಟರಲ್ಲಿ ತಪ್ಪು ಹುಡುಕಲು ಯಾರಿಂದಲೂ ಸಾಧ್ಯವಿಲ್ಲ.

ಮೊದಲ ತಪ್ಪು ಮಟ್ಟ ಗುರುತಿಸುವಾಗ ಆಯಿತು. ಮಾವನನ್ನು ಹೇಗೋ ಒಪ್ಪಿಸಿ ಕೊನೆಯ ಸಲವೆಂದು ನೀರಿಗಿಳಿಸಿದ್ದೆ. ಅವರು ಒಳಗೆ ನಿಂತಿರುವಾಗಲೇ ನಾನು ನೀರಿನ ಮಟ್ಟಕ್ಕೆ ಇದ್ದಲಿನಿಂದ ಗೆರೆ ಎಳೆದೆ. ಮಾವ ಹತ್ತಿ ಬಂದರು. ಅವರ ಜೊತೆ ನೀರು ಅರ್ಧ ಅಂಗುಲ ಕೆಳಗಿಳಿಯಿತು. ನಾನು ನೋಡಲಿಲ್ಲ. ನಾನು ಚೂರಿ ಮಸೆಯುತ್ತಿದ್ದೆ.

ಕೊಡಪಾನದಲ್ಲಿ ನೀರು ಎತ್ತಿ ಚೆಲ್ಲಿ ಮಟ್ಟವನ್ನು ಒಂದಡಿ ಇಳಿಸಿದೆ. ಅಷ್ಟರಲ್ಲಿ ಕೆಳಗಿನ ರಸ್ತೆ ಬದಿಯ ಸೈಕಲ್ ಅಂಗಡಿಯ ಅದ್ರಾಮಣ್ಣ ನೋಡಲು ಬಂದರು. ನಾನು ಕ್ಯಾನ್ವಾಸಿನ ಮೇಲೆ ಸ್ಕೇಲಿಟ್ಟು ಚಚ್ಚೌಕವಾಗಿ ಗೆರೆ ಹಾಕುವುದನ್ನು ಅವರು ಬೀಡಿ ಸೇದುತ್ತಾ ನೋಡಿದರು.

"ಮಾಷ್ಟ್ರೆ, ಚೌಕ ಕೊಯ್ಬೇಡಿ. ಮೂಲೆಯಿಂದ ಹರೀತದೆ. ನಾನು ಟ್ಯೂಬಿಗೆ ಹಾಕುವ ಪ್ಯಾಚ್ ಯಾವತ್ತಾದರೂ ಚೌಕ ಕಂಡಿದ್ದೀರಾ? ದುಂಡಗೆ ಕೊಯ್ಯಿರಿ."

"ಅದ್ರಾಮಣ್ಣ, ಪೆಟ್ಟಿಗೆ ಚೌಕ ಉಂಟಲ್ಲ. ದುಂಡಗಿನ ತೂತಿಗೆ ಚೌಕದ ಪೆಟ್ಟಿಗೆ ಕೂರುದು ಹೇಗೆ? ಇದು ರೇಖಾಗಣಿತ."

"ಹಾಗಾದ್ರೆ ಸರಿ," ಎಂದು ಅವರು ಬೀಡಿ ಆರಿಸಿದರು. ರೇಖಾಗಣಿತ ಎಂದ ಮೇಲೆ ಸೈಕಲ್ ಅಂಗಡಿಯವರು ಮಾತಾಡುವುದಿಲ್ಲ.

ಕೊಯ್ದೆ. ಕೈ ನಡುಗಲಿಲ್ಲ ಎಂದು ಆಗಲೇ ಹೇಳಿದ್ದೇನೆ.

ಪೆಟ್ಟಿಗೆ ಕೂರಿಸಿ, ಸಂದಿಗೆ ಹಳೆಯ ಪಂಚೆಯ ಚೂರು ತುರುಕಿ ನೀರು ಬಿಟ್ಟೆ. ಸುತ್ತಲೂ ಸೋರಿತು. ಅದ್ರಾಮಣ್ಣನ ಸೈಕಲ್ ಸೊಲ್ಯೂಷನ್ ಹಚ್ಚಿ ನೋಡಿದೆವು. ಮಿಲಿಟರಿಯವರು ಆ ಕ್ಯಾನ್ವಾಸಿಗೆ ಅದೇನು ಮೇಣ ಕುಡಿಸಿದ್ದರೋ, ಸೊಲ್ಯೂಷನ್ ಸಿಪ್ಪೆಯ ಹಾಗೆ ಎದ್ದು ಬಂತು. ಎರಡು ದಿನ ಹೋಯಿತು. ಮಾವ ಜಗಲಿಯಲ್ಲಿ ಕುರ್ಚಿಯ ಮೇಲೆ ಕುಳಿತು ಸ್ಟೂಲಿನ ಮೇಲಿನ ಎಲೆಯಲ್ಲಿ ಉಣ್ಣುತ್ತಾ ನನ್ನ ಕಡೆಗೆ ನೋಡುತ್ತಿದ್ದರು.

ಆಗ ನನಗೆ ಹೊಳೆಯಿತು: ಹಲಸಿನ ಮೇಣ!

ನಮ್ಮ ಕಡೆ ಹಲಸಿನ ಹಣ್ಣು ಕೊಯ್ಯುವಾಗ ಸುರಿಯುವ ಮೇಣವನ್ನು ಯಾರೂ ಬಿಸಾಡುವುದಿಲ್ಲ. ಕೋಲಿಗೆ ಸುತ್ತಿ ಅಡುಗೆ ಕೋಣೆಯ ಮಾಡಿಗೆ ಸಿಕ್ಕಿಸುತ್ತಾರೆ. ತೂತಾದ ಕೊಡಪಾನಕ್ಕೆ ಅದನ್ನೇ ಕಾಯಿಸಿ ಮೆತ್ತುವುದು. ಒಮ್ಮೆ ಹಿಡಿದರೆ ಜನ್ಮಕ್ಕೂ ಬಿಡದು. ಹಲಸಿನ ಹಪ್ಪಳದ ಕಾಲವಾದ್ದರಿಂದ ರುಕ್ಮಿಣಿಯ ಹತ್ತಿರ ಆ ವರ್ಷ ಗದೆಯಂಥ ಒಂದು ಮೇಣದ ಕೋಲಿತ್ತು.

"ಇದನ್ನು ತೊಟ್ಟಿಗೆ ಮೆತ್ತುದಾ?" ಎಂದಳು. ಸ್ವಲ್ಪ ಯೋಚಿಸಿ, "ನನಗೊಂದು ಸಂಶಯ..." ಎಂದಳು.

"ಸಂಶಯ ಆಮೇಲೆ. ನಮ್ಮ ಹಿರಿಯರ ವಿದ್ಯೆ ಇದು, ವಿಲಾಯತಿಯವರಿಗೂ ಗೊತ್ತಿಲ್ಲ."

"ಹಾಗಾದರೆ ಕೈಗೆ ಎಣ್ಣೆ ಹಚ್ಚಿಕೊಂಡು ಮುಟ್ಟಿ ಮಾರಾಯ್ರೆ. ಮತ್ತೆ ಕೈ ಬಿಡಿಸ್ಲಿಕ್ಕೆ ಆಗುದಿಲ್ಲ."

ಅದು ನನಗೆ ಗೊತ್ತಿಲ್ಲವೇ? ಎರಡೂ ಕೈಗೆ ಮೊಣಕೈವರೆಗೆ ಚೆನ್ನಾಗಿ ತೆಂಗಿನೆಣ್ಣೆ ಹಚ್ಚಿಕೊಂಡೆ. ಮೇಣ ಕಾಯಿಸಿ, ತಗಡಿನ ಅಂಚಿಗೂ ಕ್ಯಾನ್ವಾಸಿಗೂ ಬೆರಳು ದಪ್ಪ ಮೆತ್ತಿ ಒತ್ತಿದೆ. ಕೈಗೆ ಒಂದು ಚೂರೂ ಅಂಟಲಿಲ್ಲ. ಎಣ್ಣೆ ಅಂದರೆ ಎಣ್ಣೆ, ಎಂದು ಮೆಚ್ಚಿಕೊಂಡೆ.

ಮರುದಿನ ನೀರು ತುಂಬಿತು. ಒಂದು ಹನಿ ಸೋರಲಿಲ್ಲ. ಆದರೆ ಸ್ಕಿಮ್ಮರಿನ ಬಾಯಿಗೆ ನೀರು ಬರಲೂ ಇಲ್ಲ. ಅರ್ಧ ಅಂಗುಲ ಕೆಳಗೇ ನಿಂತಿತು. ಕ್ಯಾನ್ವಾಸ್ ಮೈಯೆಲ್ಲ ಬೆವರುತ್ತಿದ್ದದ್ದರಿಂದ ಸುರಂಗದ ಸಣ್ಣ ನೀರು ಆ ಬೆವರಿಗೇ ಸರಿಹೋಗುತ್ತಿತ್ತು. ಅದ್ರಾಮಣ್ಣ ಬಗ್ಗಿ ನೋಡಿ, "ನೀರಿಗೆ ರೇಖಾಗಣಿತ ಗೊತ್ತಿಲ್ಲ ಕಾಣ್ತದೆ," ಎಂದರು.

ಅಷ್ಟರಲ್ಲಿ ಮಾವ ಮೊಣಕಾಲಿಗೆ ತೈಲ ಹಚ್ಚಿಕೊಂಡು ಬಂದು ನೀರಿಗಿಳಿದರು. ನೀರು ಅರ್ಧ ಅಂಗುಲ ಏರಿತು. ಒಂದು ಗೇರು ಎಲೆ ಮೆಲ್ಲನೆ ತಿರುಗಿತು. ಬಾಯಿಯ ಕಡೆ ಹೊರಟಿತು. ಒಳಗೆ ಹೋಯಿತು. ಅದರ ಹಿಂದೆ ಇರುವೆಗಳು, ಧೂಳು, ಬಣ್ಣಬಣ್ಣದ ತೈಲ ಎಲ್ಲವೂ ಸಾಲುಗಟ್ಟಿ ಹೋದವು. ಮಾವ ಇಳಿದಾಗ ಮಾತ್ರ ಕೆಲಸ ಮಾಡುವ ಯಂತ್ರ! ಬೇಕಾದಾಗ ನಡೆದು ಬೇಡದಾಗ ಸುಮ್ಮನಿರುವುದೇ ಉತ್ತಮ ಯಂತ್ರದ ಲಕ್ಷಣ, ಅದನ್ನು ಹಾಗೆ ಮಾಡಿದ್ದೇ ಉದ್ದೇಶಪೂರ್ವಕವಾಗಿ ಎಂದು ಎಲ್ಲರಿಗೂ ತಿಳಿಸಿದೆ.

ಮಾವ ನಡುವೆ ನಿಂತು ಕನ್ನಡಿಯಂಥ ನೀರನ್ನು ನೋಡಿದರು. ನಂತರ ನನ್ನನ್ನು ನೋಡಿದರು.

"ಅಡ್ಡಿಲ್ಲ," ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ! ನನಗೆ ಕಣ್ಣು ತುಂಬಿ ಬಂತು. ಸುಳ್ಳು ಹೇಳುವುದಿಲ್ಲ, ಗೇರುಮರದ ಹಿಂದೆ ಹೋಗಿ ಕಣ್ಣೊರಸಿಕೊಂಡೆ.

ಆಮೇಲಿನ ಎಂಟು ದಿನ ನನ್ನ ಜೀವನದ ಅತ್ಯುತ್ತಮ ದಿನಗಳು. ಎಲೆ ತಾನಾಗಿ ನಡೆದು ಬುಟ್ಟಿಗೆ ಬೀಳುವುದನ್ನು ನೋಡಲು ಕಬಕದಿಂದಲೂ ಜನ ಬಂದರು. ನಾನು ಕೈಯಲ್ಲಿ ಕೋಲು ಹಿಡಿದು ಪಾಠ ಮಾಡಿದೆ. ಮಾವನ ಮೊಣಕಾಲೂ ಸ್ವಲ್ಪ ಸ್ವಲ್ಪ ಮಡಚತೊಡಗಿತು. ನೀರಿನೊಳಗೆ ಸ್ಟೂಲಿನ ಮೇಲೆ ಕುಳಿತುಕೊಳ್ಳುವಷ್ಟಾಯಿತು. ನೆಲಕ್ಕೆ ಮಾತ್ರ ಇನ್ನೂ ಆಗುತ್ತಿರಲಿಲ್ಲ. ಮದುವೆಗೆ ಒಂಬತ್ತು ದಿನ ಉಳಿಯಿತು. ಮಾವ ಅವಸರವಾಗಿ ತೈಲ ಎರಡರಷ್ಟು ಹಚ್ಚತೊಡಗಿದರು. ಯಂತ್ರ ಅದನ್ನೂ ನಿಷ್ಠೆಯಿಂದ ಎಳೆದುಕೊಂಡಿತು.

ಒಂಬತ್ತನೆಯ ದಿನ ಬೆಳಿಗ್ಗೆ ರುಕ್ಮಿಣಿ ತೊಟ್ಟಿಯ ಹತ್ತಿರ ನಿಂತಿದ್ದಳು.

"ನೋಡಿ, ಮೇಣ ಹೊಳೀತಾ ಉಂಟು. ಮುಟ್ಟಿದರೆ ಜಾರ್ತದೆ. ನನಗೆ ಆವತ್ತೇ ಒಂದು ಸಂಶಯ..."

"ಬಿಸಿಲಿಗೆ ಮೆತ್ತಗಾಗಿದೆ. ಸಂಜೆ ಗಟ್ಟಿಯಾಗ್ತದೆ. ನೀನು ಹಪ್ಪಳ ನೋಡಿಕೋ."

ಕೆಳಗೆ ಅಂಗಳದ ತುಂಬ ಚಾಪೆಗಳ ಮೇಲೆ ಅವಳ ಹಲಸಿನ ಹಪ್ಪಳ ಒಣಗುತ್ತಿತ್ತು. ಒಂದು ವಾರ ಒರಳಿನಲ್ಲಿ ಕುಟ್ಟಿ, ಒತ್ತಿ ಮಾಡಿದ ನಾನ್ನೂರು ಹಪ್ಪಳ. ಅವಳು ಕಾಗೆ ಓಡಿಸಲು ಹೋದಳು.

ಮಾವ ಇಳಿದರು. ನೀರು ಏರಿತು. ಯಂತ್ರ ಎಳೆಯಿತು. ಮಾವ ಐದು ಸುತ್ತು ಬಂದರು. ಆರನೆಯ ಸುತ್ತಿನಲ್ಲಿ ನನ್ನ ಪೆಟ್ಟಿಗೆ ಪಳಕ್ಕೆಂದು ಕ್ಯಾನ್ವಾಸಿನಿಂದ ಬಿಟ್ಟು ಒಂದು ಬದಿಗೆ ಜೋತು ಬಿತ್ತು. ಅದರ ಭಾರವೆಲ್ಲ ಚೌಕದ ಕೆಳಗಿನ ಮೂಲೆಗೆ ಬಂತು. ನಾನು ರಟ್ಟು ಕೊಯ್ದ ಹಾಗೆ ನೇರವಾಗಿ ಕೊಯ್ದ ಆ ಮೂಲೆಗೆ!

ಪರ್‍ರ್ ಎಂಬ ಒಂದು ಶಬ್ದ. ಮೂಲೆಯಿಂದ ನೆಲದವರೆಗೆ, ಸ್ಕೇಲಿಟ್ಟಷ್ಟು ನೇರವಾಗಿ. ಅದ್ರಾಮಣ್ಣನ ಮಾತು ನನಗೆ ಅಕ್ಷರಶಃ ನೆನಪಾಯಿತು. ನೆನಪಾಗಿ ಪ್ರಯೋಜನವಿರಲಿಲ್ಲ.

ಎರಡು ದಿನ ಕೂಡಿದ ನೀರು ಎರಡು ನಿಮಿಷದಲ್ಲಿ ಹೊರಟಿತು. ಮೊದಲು ಪೆಟ್ಟಿಗೆ ಹೋಯಿತು. ಹಿಂದಿನಿಂದ ಸ್ಟೂಲು ಹೋಯಿತು. ಅದರ ಹಿಂದಿನಿಂದ, ಎರಡೂ ಕೈ ಮೇಲೆತ್ತಿಕೊಂಡು, ನನ್ನ ಮಾವ ಹೋದರು. ತಟ್ಟಿನ ಇಳಿಜಾರಿನಲ್ಲಿ ಬಸಳೆ ಚಪ್ಪರವನ್ನು ತಮ್ಮೊಡನೆ ಕರೆದುಕೊಂಡು ಅಂಗಳಕ್ಕಿಳಿದರು. ಹಪ್ಪಳಗಳು ಎದ್ದು, ತೇಲಿ, ಗೇಟಿನ ಕಡೆ ಹೊರಟವು. ಆ ದಿನ ಅಂಗಳದ ಮೇಲಿನ ಕಸವೆಲ್ಲ ಎಷ್ಟು ಶುದ್ಧವಾಗಿ ಹೋಯಿತೆಂದರೆ, ಅಷ್ಟು ಚೆನ್ನಾಗಿ ನನ್ನ ಯಂತ್ರ ಎಂದೂ ಕೆಲಸ ಮಾಡಿರಲಿಲ್ಲ.

"ಅಪ್ಪಾ!" ಎಂದು ರುಕ್ಮಿಣಿ ಕೂಗಿದಳು.

ನಾನು ಓಡಿದೆ. ಇನ್ನೊಂದು ಕಾಲೂ ಮುರಿದಿದ್ದರೆ? ಮದುವೆ ಹೋಗಲಿ, ಮನುಷ್ಯ ಉಳಿದರೆ ಸಾಕು ಎಂದು ಮಹಾಲಿಂಗೇಶ್ವರನಿಗೆ ಹರಕೆ ಹೇಳಿಕೊಂಡೆ.

ಮಾವ ಅಂಗಳದ ನಡುವೆ, ಒಂದು ಒದ್ದೆ ಚಾಪೆಯ ಮೇಲೆ ಕುಳಿತಿದ್ದರು. ತಲೆಯ ಮೇಲೆ ಬಸಳೆ ಬಳ್ಳಿ. ತೊಡೆಯ ಮೇಲೆ ಎರಡು ಹಪ್ಪಳ. ಬಾಯಿ ತೆರೆದು ತಮ್ಮ ಕಾಲುಗಳನ್ನೇ ನೋಡುತ್ತಿದ್ದರು. ನಾವೂ ನೋಡಿದೆವು.

ಅವರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು!

ಮಾವ ಮೆಲ್ಲನೆ ಬಲಗಾಲು ನೀಡಿದರು. ಮತ್ತೆ ಮಡಚಿದರು. ಮತ್ತೊಮ್ಮೆ ನೀಡಿ, ಮತ್ತೊಮ್ಮೆ ಮಡಚಿದರು. ರುಕ್ಮಿಣಿ ಸೆರಗಿನಿಂದ ಕಣ್ಣೊರಸಿಕೊಂಡಳು. ನಾನು ವಿನಯದಿಂದ ತಲೆ ತಗ್ಗಿಸಿ, ಬರಬೇಕಾದ ಮಾತಿಗೆ ಕಾದು ನಿಂತೆ.

"ಕಬಕದ ಪಂಡಿತರ ತೈಲ," ಎಂದರು ಮಾವ, "ತೈಲ ಅಂದರೆ ಅದು!"

ಆಮೇಲೆ ಸುತ್ತಲೂ ಒಮ್ಮೆ ನೋಡಿ, "ನಿಮ್ಮ ತೊಟ್ಟಿ ಎಲ್ಲಿ ಮಾಷ್ಟ್ರೆ?" ಎಂದು ಕೇಳಿದರು.

ಮಧ್ಯಾಹ್ನ ಮಾವ ನೆಲದ ಮೇಲೆ ಕುಳಿತು ಊಟ ಮಾಡಿದರು. ಉಳಿದ ಹದಿನೇಳು ಹಪ್ಪಳದಲ್ಲಿ ನಾಲ್ಕನ್ನು ರುಕ್ಮಿಣಿ ಅಪ್ಪನಿಗೆ ಸುಟ್ಟು ಬಡಿಸಿದಳು. ನನಗೆ ಬಡಿಸಲಿಲ್ಲ. ನಾನು ಕೇಳಲೂ ಇಲ್ಲ. ಊಟವಾದ ಮೇಲೆ ಅವಳು ಜಗಲಿಗೆ ಬಂದಳು.

"ಈಗ ನನ್ನ ಸಂಶಯ ಕೇಳ್ಲಾ?"

"ಕೇಳು."

"ಮೇಣ ಮೆತ್ತುವಾಗ ನೀವು ಕೈಗೆ ಎಣ್ಣೆ ಹಚ್ಚಿದ್ದು ಯಾಕೆ?"

"ಎಣ್ಣೆ ಇದ್ದರೆ ಮೇಣ ಹಿಡಿಯುದಿಲ್ಲ. ಇದು ಮಕ್ಕಳಿಗೂ ಗೊತ್ತುಂಟು."

"ಅಪ್ಪ ಕಾಲಿಗೆ ಹಚ್ಚಿದ್ದೆಂತ?"

"ತೈಲ."

"ನಿಮ್ಮ ಯಂತ್ರ ದಿನಾ ನೀರಿನ ಮೇಲಿಂದ ಎಳೆದು ಆ ಮೇಣದ ಮೇಲೆಯೇ ಹಾಯಿಸಿದ್ದೆಂತ?"

ನಾನು ಎದ್ದು ಹೋಗಿ ಗೇರುಮರದ ಕೆಳಗಿನ ಎಲೆ ಗುಡಿಸತೊಡಗಿದೆ.

ಕಡಬದ ಮದುವೆಗೆ ಎಲ್ಲರೂ ಹೋದೆವು. ಮಾವ ಮೊದಲ ಪಂಕ್ತಿಯಲ್ಲಿ ಕುಳಿತು, ಎರಡು ಸಲ ಪಾಯಸ ಹಾಕಿಸಿಕೊಂಡು, ಎಡಕ್ಕೂ ಬಲಕ್ಕೂ ಕುಳಿತವರಿಗೆ ತೈಲದ ಮಹಿಮೆಯನ್ನು ವಿವರಿಸಿದರು. ಹತ್ತು ಜನ ಪಂಡಿತರ ಮನೆಯ ದಾರಿ ಕೇಳಿಕೊಂಡರು. ನನ್ನನ್ನೂ ಮಾವ ಮರೆಯಲಿಲ್ಲ. "ಇವರೇ ನಮ್ಮ ಅಳಿಯ," ಎಂದು ಮೊದಲ ಸಲ ನಾಲ್ಕು ಜನರ ಮುಂದೆ ಹೇಳಿದರು. "ನನ್ನನ್ನು ಅಂಗಳದವರೆಗೆ ತಂದು ಬಿಟ್ಟವರು."

ಇದೆಲ್ಲ ಆಗಿ ಹಲವು ವರ್ಷವಾಯಿತು. ತೊಟ್ಟಿಯ ಕ್ಯಾನ್ವಾಸನ್ನು ರುಕ್ಮಿಣಿ ಈಗ ಅಂಗಳದಲ್ಲಿ ಹರಡಿ ಹಪ್ಪಳ ಒಣಗಿಸುತ್ತಾಳೆ. ಅದ್ರಾಮಣ್ಣ ಅದರ ಹರಿದಲ್ಲಿ ಹಾಕಿಕೊಟ್ಟ ತೇಪೆ ದುಂಡಗಿದೆ. ಪ್ರತಿ ಬೇಸಿಗೆಯಲ್ಲೂ ಮೊದಲ ಹಲಸಿನ ಹಣ್ಣು ಕೊಯ್ಯಲು ಕುಳಿತಾಗ ಅವಳು ಎಣ್ಣೆಯ ಬಟ್ಟಲನ್ನು ತಂದು ನನ್ನ ಮುಂದೆ ಇಡುತ್ತಾಳೆ. ನಾನು ಮೊಣಕೈವರೆಗೆ ಹಚ್ಚಿಕೊಳ್ಳುತ್ತೇನೆ.